ಜಿನ್ನಿಗೆ ತೋಟದ ರುಚಿ: ಎಷ್ಟು ದಿನ ನೆನೆಸಬೇಕು?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಳಭಾಗದಲ್ಲಿ ನಮ್ಮ ಅಡಿಕೆ ತೋಟವಿದೆ. ನಿಂಬೆ, ಮಜ್ಜಿಗೆಹುಲ್ಲು, ಶುಂಠಿ, ಒಳ್ಳೆಮೆಣಸು (ಕರಿಮೆಣಸು), ಪುನರ್ಪುಳಿ (ಕೋಕಂ) ಎಲ್ಲವೂ ಮನೆಯಂಗಳದಲ್ಲೇ ಸಿಗುತ್ತವೆ. ಒಂದು ಬಾಟಲಿ ಜಿನ್ನಿಗೆ ಇವನ್ನೆಲ್ಲ ಹಾಕಿ ಇಟ್ಟೆವು. ಎರಡು ವಾರ ಕಳೆದು ನೋಡಿದರೆ ಕಷಾಯಕ್ಕಿಂತ ಕಹಿ. ನಿಜಕ್ಕೂ ಎಷ್ಟು ದಿನ ನೆನೆಸಬೇಕು?

ಉತ್ತರ: ಎಲ್ಲಕ್ಕೂ ಒಂದೇ ಲೆಕ್ಕ ಹಿಡಿದದ್ದರಿಂದಲೇ ಹೀಗಾಯಿತು. ಮಜ್ಜಿಗೆಹುಲ್ಲಿಗೆ ಗಂಟೆಗಳ ಲೆಕ್ಕ, ಪುನರ್ಪುಳಿಗೆ ದಿನಗಳ ಲೆಕ್ಕ. ಒಟ್ಟಿಗೆ ತುರುಕಿದರೆ ಪುನರ್ಪುಳಿ ಸರಿಯಾಗಿ ಬಣ್ಣ ಬಿಡುವ ಹೊತ್ತಿಗೆ ನಿಂಬೆಯ ಸಿಪ್ಪೆ ತನ್ನ ಕಹಿಯನ್ನೆಲ್ಲ ಕಾರಿಕೊಂಡಿರುತ್ತದೆ. ಪ್ರತ್ಯೇಕವಾಗಿ ನೆನೆಸಿ, ಸೋಸಿ, ಆಮೇಲೆ ನಾಲಿಗೆ ಹೇಳಿದ ಹಾಗೆ ಬೆರೆಸಿಕೊಳ್ಳಿ. 750 ಮಿಲಿಲೀಟರ್ ಬಾಟಲಿಯನ್ನು ನಾಲ್ಕು ಗಾಜಿನ ಭರಣಿಗಳಿಗೆ ಹಂಚಿದರೆ ನಾಲ್ಕು ರುಚಿಗಳನ್ನು ಪರೀಕ್ಷಿಸಬಹುದು. ಒಂದು ಕೆಟ್ಟರೂ ಮೂರು ಉಳಿಯುತ್ತವೆ.

ದುಬಾರಿ ಜಿನ್ ಬೇಡ. ಜುನಿಪರ್ ಎಂಬ ಶೀತಪ್ರದೇಶದ ಪೊದೆಯ ಕಾಯಿ ಮತ್ತು ಕೊತ್ತಂಬರಿ ಬೀಜದ ಪರಿಮಳ ಸಾಧಾರಣ ಜಿನ್ನಿನಲ್ಲೂ ಇರುತ್ತದೆ. ಹತ್ತಾರು ಸಾಂಬಾರ ಪದಾರ್ಥಗಳಿರುವ ದುಬಾರಿ ಬಾಟಲಿಗೆ ಇನ್ನಷ್ಟು ಸುರಿಯುವುದು ವ್ಯರ್ಥ ಖರ್ಚು. ನಮ್ಮಲ್ಲಿ ಸಿಗುವ ಹೆಚ್ಚಿನ ಜಿನ್ನಿನಲ್ಲಿ ಮದ್ಯಸಾರ ಶೇ. 42.8ರಷ್ಟಿದೆ. ನೀರು ಕರಗಿಸಲಾರದ ಎಣ್ಣೆ ಮತ್ತು ಖಾರದ ಅಂಶಗಳನ್ನು ಅದು ಕರಗಿಸಿ ಎಳೆದುಕೊಳ್ಳುತ್ತದೆ. ಒಳ್ಳೆಮೆಣಸಿನ ಖಾರ ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಜಿನ್ನಿನಲ್ಲಿ ಸಲೀಸಾಗಿ ಕರಗುತ್ತದೆ. ಆದ್ದರಿಂದ ಒಂದು ಭರಣಿಗೆ ಹತ್ತು ಹಸಿ ಕಾಳುಗಳನ್ನು ಜಜ್ಜಿ ಹಾಕಿ ಒಂದು ರಾತ್ರಿ ಬಿಟ್ಟರೆ ಸಾಕು. ಗಾಂಧಾರಿ ಮೆಣಸಿನ ತಂಟೆಗೆ ಹೋಗಬೇಡಿ, ಹತ್ತು ನಿಮಿಷ ಮೈಮರೆತರೆ ಭರಣಿಯೇ ದಂಡ.

ನಿಂಬೆಯಲ್ಲಿ ಪರಿಮಳವಿರುವುದು ಸಿಪ್ಪೆಯ ಹೊರಮೈಯ ಸಣ್ಣ ಚುಕ್ಕೆಗಳಲ್ಲಿ. ಹರಿತವಾದ ಚೂರಿಯಿಂದ ಹಸಿರು ಪದರವನ್ನಷ್ಟೇ ತೆಳ್ಳಗೆ ತೆಗೆಯಿರಿ. ಸಿಪ್ಪೆಯ ಒಳಮೈ ಬೆಳ್ಳಗೆ ಕಂಡರೆ ಕಹಿಯೂ ಅದರ ಜೊತೆಗೆ ಬಂದಿತೆಂದೇ ಅರ್ಥ, ಮತ್ತೆ ಕೆರೆಯಿರಿ. ಸಂಜೆ ಹಾಕಿ ಮರುದಿನ ಸಂಜೆಯೊಳಗೆ ತೆಗೆಯಿರಿ. ಮಜ್ಜಿಗೆಹುಲ್ಲಿನ ಬುಡದ ಬಿಳಿ ಭಾಗವನ್ನು ಜಜ್ಜಿ ಹಾಕಿದರೆ ಐದಾರು ಗಂಟೆ ಸಾಕು. ಶುಂಠಿಗೆ ಒಂದು ದಿನ. ಶಂಖಪುಷ್ಪಕ್ಕೆ ರುಚಿಯಿಲ್ಲ, ಬರೀ ಬಣ್ಣ. ಗಂಟೆಯೊಳಗೆ ಜಿನ್ ನೀಲಿಯಾಗುತ್ತದೆ, ನಿಂಬೆರಸ ಬಿದ್ದೊಡನೆ ನೇರಳೆಗೆ ತಿರುಗುತ್ತದೆ. ನೆಂಟರಿಗೆ ತೋರಿಸಲು ಚೆನ್ನ, ಅದಕ್ಕಿಂತ ಹೆಚ್ಚಿನ ಮಹತ್ವ ನಾನು ಕೊಡುವುದಿಲ್ಲ.

ನನ್ನನ್ನು ಕೇಳಿದರೆ ಈ ಊರಿನ ಜಿನ್ನಿಗೆ ಹೇಳಿ ಮಾಡಿಸಿದ್ದು ಪುನರ್ಪುಳಿಯೇ. ಇಂಗ್ಲೆಂಡಿನಲ್ಲಿ ಸ್ಲೋ ಎಂಬ ಬೇಲಿಗಿಡದ ಒಗರು ಹಣ್ಣನ್ನು ಸಕ್ಕರೆಯೊಡನೆ ಜಿನ್ನಿನಲ್ಲಿ ತಿಂಗಳುಗಟ್ಟಲೆ ನೆನೆಸುವ ಹಳೆಯ ರೂಢಿಯಿದೆ. ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ. ಬೇಸಗೆಯ ಕೊನೆಗೆ ಹಣ್ಣಾದ ಪುನರ್ಪುಳಿಯ ಬೀಜ ತೆಗೆದು, ಆರೇಳು ಹಣ್ಣುಗಳ ಸಿಪ್ಪೆಯನ್ನು ಒಂದು ದಿನ ಬಿಸಿಲಿಗೆ ಬಾಡಿಸಿ ಒಂದು ಭರಣಿಗೆ ಹಾಕಿ. ಹಸಿ ಸಿಪ್ಪೆಯಲ್ಲಿ ನೀರು ಹೆಚ್ಚು, ಮದ್ಯಸಾರದ ಪ್ರಮಾಣ ಇಳಿದಷ್ಟೂ ಪೇಯ ಬೇಗ ಕೆಡುತ್ತದೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಸಾರಿಗಿರಲಿ. ಐದಾರು ದಿನಗಳಲ್ಲಿ ಜಿನ್ ಮಾಣಿಕ್ಯದ ಬಣ್ಣಕ್ಕೆ ಬರುತ್ತದೆ. ಮೂರನೆಯ ದಿನದಿಂದ ದಿನಕ್ಕೊಮ್ಮೆ ಚಮಚದಲ್ಲಿ ರುಚಿ ನೋಡಿ, ಹುಳಿ ಮುಂದಾಗಿ ಒಗರು ಹಿಂದೆ ಸರಿದಿರುವಾಗಲೇ ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ. ಒಂದೆರಡು ಚಮಚ ಕಲ್ಲುಸಕ್ಕರೆ ಪುಡಿ ಸೇರಿಸಿದರೆ ಸೊಗಸು. ಇದಕ್ಕೆ ನಿಂಬೆಸಿಪ್ಪೆಯ ಭರಣಿಯಿಂದ ಸ್ವಲ್ಪ ಬೆರೆಸಿ, ತಣ್ಣನೆಯ ಸೋಡಾ ಹಾಕಿ ನೋಡಿ. ಸೋಡಾ ಬಿದ್ದಾಗ ತುಸು ಮಬ್ಬಾದರೆ ಹೆದರಬೇಡಿ, ಕರಗಿದ್ದ ಸಿಪ್ಪೆಯ ಎಣ್ಣೆ ನೀರು ಸೇರಿ ಬಿಟ್ಟುಕೊಂಡಿದೆ ಅಷ್ಟೆ.

ಅಡಿಕೆ ತೋಟದವರಿಗೆ ಮಾತ್ರ ಹೇಳಬೇಕಾದ ಎಚ್ಚರಿಕೆ ಒಂದಿದೆ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನ ಬಿಡುವ ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಮತ್ತು ಒಂದು ಕಿಲೋ ಸುಣ್ಣ, ಅಡಿಕೆ ಗೊನೆಯ ಮೇಲಷ್ಟೇ ನಿಲ್ಲುವುದಿಲ್ಲ. ಕೆಳಗಿನ ಮೆಣಸಿನ ಬಳ್ಳಿ, ವೀಳ್ಯದೆಲೆ, ನಿಂಬೆಗಿಡ ಎಲ್ಲದರ ಮೇಲೂ ನೀಲಿ ಹನಿ ತೊಟ್ಟಿಕ್ಕುತ್ತದೆ. ಎಲೆಯ ಮೇಲೆ ನೀಲಿ ಕಲೆ ಕಂಡರೆ ಆ ಗಿಡವನ್ನು ಬಿಟ್ಟುಬಿಡಿ, ಮದ್ದು ಬೀಳದ ಅಂಗಳದ ಗಿಡದಿಂದಲೇ ಕೊಯ್ಯಿರಿ. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ನಮ್ಮ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ ಹೂವು ಚಂದವಿದೆಯೆಂದು ಕಣಗಿಲೆ, ಉಮ್ಮತ್ತಿಗಳನ್ನು ಹತ್ತಿರವೂ ತರಬೇಡಿ. ಗುಡ್ಡೆಯ ಕಾಸರಕದ ಕಿತ್ತಳೆ ಬಣ್ಣದ ಹಣ್ಣನ್ನೂ ಮುಟ್ಟಬೇಡಿ. ಮದ್ಯಸಾರ ಪರಿಮಳವನ್ನು ಎಳೆದಷ್ಟೇ ಚೆನ್ನಾಗಿ ವಿಷವನ್ನೂ ಎಳೆಯುತ್ತದೆ. ಅಡುಗೆಗೆ ಬಳಸದ ಗಿಡ ಜಿನ್ನಿಗೂ ಬೇಡ.

ಭಟ್ಟಿ ಇಳಿಸುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ. ಕೇರಳದ ಅಬಕಾರಿ ಕಾಯ್ದೆಯಲ್ಲಿ ಅದಕ್ಕೆ ಹತ್ತು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡವಿದೆ. ನೆನೆಸುವ ಕೆಲಸಕ್ಕೆ ಒಲೆಯೇ ಬೇಡ, ಮದ್ಯಸಾರದ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ತಲಪಾಡಿಯ ಗಡಿ ದಾಟಿದರೆ ಅಗ್ಗವೆಂದು ಕರ್ನಾಟಕದ ಬಾಟಲಿ ತರುವುದೂ ಅಪರಾಧವೇ. ಬಿಲ್ ಸಮೇತ ಇಲ್ಲಿಯದನ್ನೇ ಕೊಳ್ಳಿ. ಇಲ್ಲಿ ಮದ್ಯ ಸೇವನೆಗೆ 23 ವರ್ಷ ತುಂಬಿರಬೇಕು. ಮಾಡಿದ್ದನ್ನು ಮಾರುವಂತಿಲ್ಲ.

ಇನ್ನು ಇಡುವ ಜಾಗ. ಪುನರ್ಪುಳಿ ಜಿನ್ನಿಗೂ ಪುನರ್ಪುಳಿ ಶರಬತ್ತಿಗೂ ನೋಡಲು ವ್ಯತ್ಯಾಸವೇ ಇಲ್ಲ. ಬೇಸಗೆ ರಜೆಯಲ್ಲಿ ಆಡಿ ಬಂದ ಮಕ್ಕಳು ಫ್ರಿಡ್ಜ್ ತೆರೆದು ಮೊದಲು ಕೈ ಹಾಕುವುದು ಆ ಕೆಂಪು ಬಾಟಲಿಗೇ. ಹೆಸರು, ತಾರೀಕು ಬರೆದ ಚೀಟಿ ಅಂಟಿಸಿ, ಬೀಗವಿರುವ ಕಪಾಟಿನಲ್ಲಿಡಿ. ಸೋಸಿದ ಜಿನ್ನಿಗೆ ಫ್ರಿಡ್ಜ್ ಬೇಕೆಂದೇನೂ ಇಲ್ಲ.