ಸ್ವರಲಿಪಿ ತಂತ್ರಾಂಶದಲ್ಲಿ ಆರ್ಕೆಸ್ಟ್ರಾ: ಮಿಕ್ಸರ್ ಮುಟ್ಟುವ ಮೊದಲು

ಮ್ಯೂಸ್‌ಸ್ಕೋರ್, ಸಿಬೇಲಿಯಸ್, ಡೊರಿಕೊಗಳಂಥ ತಂತ್ರಾಂಶಗಳಲ್ಲಿ ಬರೆದ ಆರ್ಕೆಸ್ಟ್ರಾ ಸಂಯೋಜನೆ ಸಪ್ಪೆಯಾಗಿಯೋ ಕಲಸಿಹೋದಂತೆಯೋ ಕೇಳಿಸಿದರೆ, ಹೆಚ್ಚಿನ ಕಲಿಕಾರ್ಥಿಗಳು ಮೊದಲು ಹುಡುಕುವುದು ಹೊಸ ಧ್ವನಿಸಂಗ್ರಹವನ್ನು. 2022ರ ಡಿಸೆಂಬರಿನಲ್ಲಿ ಬಂದ ಮ್ಯೂಸ್‌ಸ್ಕೋರ್ 4ರೊಡನೆ ಮ್ಯೂಸ್ ಸೌಂಡ್ಸ್ ಎಂಬ ಧ್ವನಿಸಂಗ್ರಹ ಉಚಿತವಾಗಿಯೇ ಸಿಗುವುದರಿಂದ ಅದನ್ನು ಅಳವಡಿಸಿಕೊಳ್ಳುವುದು ಒಳ್ಳೆಯದೇ. ಆದರೆ ದೋಷ ಬರವಣಿಗೆಯಲ್ಲಿದ್ದರೆ ಒಳ್ಳೆಯ ಧ್ವನಿ ಅದನ್ನು ಇನ್ನಷ್ಟು ಎದ್ದು ಕೇಳಿಸುತ್ತದೆ, ಅಷ್ಟೆ.

ಕಲಸಿಹೋಗುವುದಕ್ಕೆ ಮುಖ್ಯ ಕಾರಣ, ಮಂದ್ರದಲ್ಲಿ ಸ್ವರಗಳನ್ನು ಒತ್ತೊತ್ತಾಗಿ ಇಡುವುದು. ಪಿಯಾನೊಗೆ ಬರೆದ ಸಿ ಮೇಜರ್ ಕಾರ್ಡನ್ನು (ಒಟ್ಟಿಗೆ ನುಡಿಯುವ ಸಿ, ಇ, ಜಿ ಸ್ವರಗಳನ್ನು) ಹಾಗೆಯೇ ಚೆಲೊಗಳಿಗೆ ಹಂಚಿದೆವೆನ್ನಿ. ಚೆಲೊದ ಅತಿ ಕೆಳಗಿನ ಸಿ ಸುಮಾರು 65 ಹರ್ಟ್ಸ್, ಅದರ ಮೇಲಿನ ಇ ಸುಮಾರು 82 ಹರ್ಟ್ಸ್. ಅಷ್ಟು ಕೆಳಗೆ ಇಷ್ಟು ಹತ್ತಿರವಿರುವ ಎರಡು ಸ್ವರಗಳನ್ನು ಕಿವಿ ಬಿಡಿಸಿಕೊಳ್ಳಲಾರದೆ ಒರಟು ಗುನುಗಾಗಿ ಗ್ರಹಿಸುತ್ತದೆ. ಸಿ ಸ್ವರದ ಮೇಲೆ ಜಿಯನ್ನಷ್ಟೇ ಉಳಿಸಿ, ಇ ಸ್ವರವನ್ನು ಒಂದು ಸ್ಥಾಯಿ ಮೇಲೆ ವಯೋಲಾಗಳಿಗೆ ಕೊಟ್ಟರೆ ಅದೇ ಕಾರ್ಡ್ ತಿಳಿಯಾಗುತ್ತದೆ. ಡಬಲ್ ಬಾಸ್ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ ಎಂಬುದೂ ಈ ಲೆಕ್ಕದಲ್ಲಿರಬೇಕು.

ಸಪ್ಪೆತನಕ್ಕೆ ಕಾರಣ ಬೇರೆ: ಸೂಚನೆಗಳ ಕೊರತೆ. ಮೊದಲ ಬಾರಿನಲ್ಲಿ, ಅಂದರೆ ತಾಳದ ಮೊದಲ ಆವರ್ತದಲ್ಲಿ, ಒಂದು ಎಂಎಫ್ (ಮೆಜೊ ಫೋರ್ಟೆ, ಸಾಧಾರಣ ಗಟ್ಟಿ) ಹಾಕಿ ಬಿಟ್ಟರೆ ಕೊನೆಯವರೆಗೂ ಅದೇ ಬಲ ಮುಂದುವರಿಯುತ್ತದೆ. ನುರಿತ ವಾದಕರು ತಾವೇ ತಂದುಕೊಳ್ಳುವ ಏರಿಳಿತವನ್ನು ತಂತ್ರಾಂಶ ಅಷ್ಟಾಗಿ ಊಹಿಸದು. (ಮುಂದಿನ ಸ್ವರಗಳನ್ನು ಮೊದಲೇ ಓದಿಕೊಂಡು ನುಡಿಸುವ ನೋಟ್‌ಪರ್ಫಾರ್ಮರ್ ಎಂಬ ಪ್ಲೇಬ್ಯಾಕ್ ತಂತ್ರಾಂಶ ಈ ವಿಷಯದಲ್ಲಿ ವಾಸಿ.) ಕ್ರೆಶೆಂಡೊ (ಬಲ ಕ್ರಮೇಣ ಏರಲೆಂಬ ಗುರುತು) ಎಳೆದಾಗ ಎರಡು ತುದಿಗಳಲ್ಲೂ ಬಲಸೂಚನೆ ಬರೆಯಬೇಕು. ತಂತಿವಾದ್ಯಗಳಲ್ಲಿ ಸ್ಲರ್ (ಸ್ವರಗಳನ್ನು ಜೋಡಿಸುವ ಬಾಗುಗೆರೆ) ಎಂದರೆ ಕಮಾನಿನ ಒಂದೇ ಎಳೆತ. ನಿಮಿಷಕ್ಕೆ 60 ಬಡಿತದ ವೇಗದಲ್ಲಿ, ನಾಲ್ಕು ಬಡಿತಗಳ ನಾಲ್ಕು ಬಾರುಗಳ ಮೇಲೆ ಒಂದೇ ಸ್ಲರ್ ಎಳೆದರೆ ಅದು 16 ಸೆಕೆಂಡು. ತಂತ್ರಾಂಶ ತಕರಾರಿಲ್ಲದೆ ನುಡಿಸುತ್ತದೆ, ಆದರೆ ಗಟ್ಟಿಯಾಗಿ ನುಡಿಸುವ ವಾದಕರ ಕಮಾನು ನಡುವೆಯೇ ಮುಗಿದುಹೋಗುತ್ತದೆ. ಬಾರಿಗೊಂದರಂತೆ ಒಡೆದು ಬರೆದರೆ ಪ್ಲೇಬ್ಯಾಕಿನಲ್ಲೂ ನಿಜವಾದ ಕಮಾನಿನ ತಿರುವು ಕೇಳಿಬರುತ್ತದೆ.

ಪ್ರತಿ ವಾದ್ಯದ ಧ್ವನಿಮಟ್ಟವನ್ನು ಹೊಂದಿಸುವ ಮಿಕ್ಸರಿನ ಸರದಿ ಇದಾದ ಮೇಲೆ. ಗಟ್ಟಿಯಾಗಿ ನುಡಿಸುವಾಗ ಒಂದು ಟ್ರಂಪೆಟ್ಟಿಗೆ ಎರಡು ಹಾರ್ನ್, ಒಂದು ಹಾರ್ನಿಗೆ ಎರಡು ಫ್ಲೂಟ್ ಸಮವೆಂಬುದು ರಷ್ಯನ್ ಸಂಯೋಜಕ ರಿಮ್ಸ್ಕಿ-ಕೊರ್ಸಕೋವ್ ಅವರ ಲೆಕ್ಕ. ಫ್ಲೂಟಿನ ಕೆಳಸ್ಥಾಯಿಯಂತೂ ಇನ್ನೂ ಕ್ಷೀಣ. ಅಲ್ಲಿರುವ ಮಟ್ಟು ಟ್ರಂಪೆಟ್ಟುಗಳಡಿ ಮುಳುಗಿದಾಗ ಮಿಕ್ಸರಿನಲ್ಲಿ ಫ್ಲೂಟನ್ನು ಏರಿಸಿದರೆ ಕಂಪ್ಯೂಟರಿನಲ್ಲೇನೋ ಕೇಳಿಸುತ್ತದೆ, ಸಭಾಂಗಣದಲ್ಲಿ ಕೇಳಿಸದು. ಮಟ್ಟನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ಯುವುದು ಅಥವಾ ಟ್ರಂಪೆಟ್ಟುಗಳನ್ನು ಅಲ್ಲಿ ಸುಮ್ಮನಿರಿಸುವುದು ಸರಿಯಾದ ದಾರಿ. ಮಿಕ್ಸರಿಗೆ ಉಳಿಯುವ ಕೆಲಸ ಸಣ್ಣದು: ಮೊದಲ ಪಿಟೀಲುಗಳನ್ನು ಎಡಕ್ಕೂ ಚೆಲೊಗಳನ್ನು ಬಲಕ್ಕೂ ಸರಿಸಿ, ಹಿಂದೆ ಕೂರುವ ಹಿತ್ತಾಳೆ ವಾದ್ಯಗಳಿಗೆ ತಂತಿವಾದ್ಯಗಳಿಗಿಂತ ತುಸು ಹೆಚ್ಚು ರಿವರ್ಬ್ (ಸಭಾಂಗಣದ ಅನುರಣನ) ಕೊಡುವುದು.