ಕಾಳುಮೆಣಸು ಮತ್ತು ಮುಕ್ತ ವ್ಯಾಪಾರ: ತೂತು ಇರುವುದು ಎಲ್ಲಿ?

ವಿಯೆಟ್ನಾಂ ಮೆಣಸು ಬಂದು ಕೊಡಗಿನ ಧಾರಣೆ ಬಿತ್ತು ಎಂದಾಗಲೆಲ್ಲ ಬೈಗುಳ ಆಸಿಯಾನ್ ಒಪ್ಪಂದಕ್ಕೆ, ಅಂದರೆ ವಿಯೆಟ್ನಾಂ ಸೇರಿದ ಆಗ್ನೇಯ ಏಷ್ಯಾ ದೇಶಗಳ ಕೂಟದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದಕ್ಕೆ. ಅಸಲಿ ತೂತು ಬೇರೆ ಕಡೆ ಇದೆ.

ಕಾಳುಮೆಣಸಿನ ಸಾಮಾನ್ಯ ಆಮದು ಸುಂಕ ಶೇ 70. ಆಸಿಯಾನ್ ಒಪ್ಪಂದದಡಿ ಅದು ಹಂತಹಂತವಾಗಿ ಶೇ 50ಕ್ಕೆ ಇಳಿಯಿತು. ಆದರೆ ಶ್ರೀಲಂಕಾದ ಮೆಣಸಿಗೆ ಸಾಫ್ಟಾ (ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ) ಅಡಿ ಶೇ 8 ಮಾತ್ರ. 2000ರಲ್ಲಿ ಜಾರಿಗೆ ಬಂದ ಭಾರತ–ಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್‌ಗೆ ಸುಂಕವೇ ಇಲ್ಲ.

ಬಂದರು ಮುಟ್ಟುವಾಗ ಕಿಲೋಗೆ 350 ರೂಪಾಯಿ ಬೀಳುವ ಮೆಣಸನ್ನೇ ತೆಗೆದುಕೊಳ್ಳಿ. ನೇರವಾಗಿ ವಿಯೆಟ್ನಾಂನಿಂದ ತಂದರೆ ಸುಂಕ 175 ರೂಪಾಯಿ, ಅದನ್ನೇ ಲಂಕಾ ಸುತ್ತಿಸಿ ಅಲ್ಲಿಯದೆಂದು ತಂದರೆ 28. ಇದನ್ನು ತಡೆಯಲೆಂದು 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಬಂತು, ಅಂದರೆ ಅದಕ್ಕಿಂತ ಅಗ್ಗದ ಮಾಲು ತರುವಂತಿಲ್ಲ. ಆಗ ಆಮದುದಾರನಿಗೆ ಉಳಿಯುವ ಅಡ್ಡದಾರಿ ಎಂದರೆ 350ರ ಮಾಲಿಗೆ 500ರ ಇನ್‌ವಾಯ್ಸ್ ಬರೆಸುವುದು. ವಿಯೆಟ್ನಾಂ ಸರಕಿಗೆ ಈಗ ಸುಂಕ 250, ಲಂಕಾ ಹೆಸರಿನದಕ್ಕೆ 40. ಅಂದರೆ ಲಂಕಾ ಸುತ್ತಿ ಬರುವುದರ ಲಾಭ 147ರಿಂದ 210ಕ್ಕೆ ಏರಿತು! ಸುಂಕ ಕಡಿಮೆ ಇದ್ದಲ್ಲಿ ಸುಳ್ಳು ಬೆಲೆ ಬರೆಯಲು ಹೆಚ್ಚು ಖರ್ಚಾಗುವುದಿಲ್ಲ. ಹೊರಗಿನ ಧಾರಣೆಯೇ 500 ದಾಟಿದರಂತೂ ಈ ಬೇಲಿ ಇದ್ದೂ ಇಲ್ಲದಂತೆ.

ಹಾಗಾಗಿ ಎಲ್ಲವೂ ನಿಂತಿರುವುದು ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವ ‘ಮೂಲ ನಿಯಮ’ದ ಮೇಲೆ. ಲಂಕಾ ಒಪ್ಪಂದದ ಪ್ರಕಾರ ಹೊರಗಿನ ಕಚ್ಚಾವಸ್ತು ಬಳಸಿದ ಸರಕಿಗೆ ಅಲ್ಲಿ ಕನಿಷ್ಠ ಶೇ 35 ಮೌಲ್ಯ ಸೇರಬೇಕು, ಸರಕನ್ನು ವರ್ಗೀಕರಿಸುವ ನಾಲ್ಕಂಕಿಯ ಹೆಚ್‌ಎಸ್ ಕೋಡ್ ಕೂಡ ಬದಲಾಗಬೇಕು. ಇಡೀ ಕಾಳಾಗಲಿ ಪುಡಿಯಾಗಲಿ ಎರಡೂ 0904ರಲ್ಲೇ ಬರುವುದರಿಂದ ಜರಡಿ ಹಿಡಿದು, ಪುಡಿ ಮಾಡಿ, ಚೀಲ ಬದಲಿಸಿದ ಮಾತ್ರಕ್ಕೆ ಅದು ಲಂಕಾದ್ದಾಗದು. 2020ರ ಸೆಪ್ಟೆಂಬರ್ 21ರಿಂದ ಸರಕು ಲಂಕಾದ್ದೇ ಎಂಬ ಪ್ರಮಾಣಪತ್ರ ತೋರಿಸಿ ಕೈತೊಳೆದುಕೊಳ್ಳಲೂ ಆಗದು. ಮೂಲದ ವಿವರ ಆಮದುದಾರನ ಬಳಿಯೇ ಇರಬೇಕು, ಐದು ವರ್ಷ ಕಾಪಿಡಬೇಕು. ಅನುಮಾನ ಬಂದರೆ ಕಸ್ಟಮ್ಸ್ ರಿಯಾಯಿತಿ ತಡೆಹಿಡಿಯಬಹುದು.

ಆಮದೆಲ್ಲ ಕೆಡುಕಲ್ಲ, ಇದನ್ನು ಬೆಳೆಗಾರರೂ ಒಪ್ಪಬೇಕು. ಓಲಿಯೋರೆಸಿನ್ (ಮೆಣಸಿನ ಖಾರ, ಘಮದ ಸಾರ) ತೆಗೆದು ರಫ್ತು ಮಾಡುವ ಕಾರ್ಖಾನೆಗಳಿಗೆ ಅಗ್ಗದ ಮೆಣಸು ಬೇಕೇ ಬೇಕು. ಅದು ಒಳಪೇಟೆಗೆ ಸೋರದಿದ್ದರೆ ಸರಿ. ಲಂಕಾಕ್ಕೂ ಸುತ್ತುವ್ಯಾಪಾರ ಉದ್ಧಾರ ತಂದಿಲ್ಲ: ಸುಂಕದ ಅಂತರ ನಂಬಿ ಅಲ್ಲಿ ಎದ್ದ ವನಸ್ಪತಿ ಘಟಕಗಳಿಗೆ, ಭಾರತದ ನೀತಿ ಬದಲಾದ ಮೇಲೆ ನೆಲೆಯೇ ಉಳಿಯಲಿಲ್ಲ.

ಧಾರಣೆ ಬಿದ್ದರೆ ಪೆಟ್ಟು ತೋಟದ ಮರಗಳಿಗೂ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನಲ್ಲಿ ಮೆಣಸಿನ ಬಳ್ಳಿ ಹಬ್ಬುವುದು ಕಾಫಿಯ ನೆರಳು ಮರಗಳಿಗೆ. ಬಳ್ಳಿ ದುಡಿಯುವವರೆಗೆ ಮರ ಕಡಿಯಲು ಯಾರಿಗೂ ಮನಸ್ಸಾಗದು. ಧಾರಣೆ ವರ್ಷಗಟ್ಟಲೆ ಬಿದ್ದೇ ಇದ್ದರೆ ಅದೇ ಮರದ ಬೆಲೆಯನ್ನು ಟಿಂಬರ್ ವ್ಯಾಪಾರಿ ಹೇಳುತ್ತಾನೆ.

ಬೆಳೆಗಾರರ ಸಂಘಗಳು ಒಪ್ಪಂದ ರದ್ದಾಗಲಿ ಎಂದು ಕೂಗುವ ಬದಲು ವಾಣಿಜ್ಯ ಸಚಿವಾಲಯದ ದೇಶವಾರು ಆಮದು ಅಂಕಿ ತೆಗೆದು, ಲಂಕಾದ ಸ್ವಂತ ಇಳುವರಿಯೊಂದಿಗೆ ತಾಳೆ ನೋಡಲಿ. ಆಮದಿನಿಂದಾದ ಹಾನಿಯ ತನಿಖೆ ಮಾಡುವ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯಕ್ಕೆ ಅರ್ಜಿ ಹಾಕುವುದಾದರೆ ಆಮದು ಏರಿದ್ದನ್ನೂ ಅದರಿಂದಾದ ನಷ್ಟವನ್ನೂ ತೋರಿಸಬೇಕು. ಅದಕ್ಕೆ ಎಕರೆವಾರು ಖರ್ಚು, ಇಳುವರಿ, ಮಾರಾಟದ ಬಿಲ್ಲು ಬೇಕು. ತೋಟದ ಬಾಗಿಲಲ್ಲೇ ಬಿಲ್ಲಿಲ್ಲದೆ ಮಾರಿದವರ ಬಳಿ ಇವು ಇರುವುದಿಲ್ಲ.