ಪಿಕಪ್‌ಗೆ ಸುತ್ತು ಜಾಸ್ತಿಯಾದರೆ ಸ್ವರ ಯಾಕೆ ಮಂಕಾಗುತ್ತದೆ?

ಹುಬ್ಬಳ್ಳಿ ಸುತ್ತಮುತ್ತ ಪಂಪ್‌ಸೆಟ್ ಮೋಟಾರ್ ಸುಟ್ಟರೆ ರೈತರು ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತಾರೆ. ಅಲ್ಲಿ ಹಳೇ ಕಾಯಿಲ್ ಕಿತ್ತು, ಎಷ್ಟು ಸುತ್ತು, ಯಾವ ಗೇಜಿನ ವೈರ್ ಅಂತ ನೋಡಿಕೊಂಡೇ ಹೊಸದು ಸುತ್ತುತ್ತಾರೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಕೂಡ ತಾಮ್ರದ ಕಾಯಿಲ್ಲೇ. ಇಲ್ಲಿ ಸುತ್ತಿನ ಲೆಕ್ಕ ತಪ್ಪಿದರೆ ಏನೂ ಸುಡುವುದಿಲ್ಲ, ನಾದ ಬದಲಾಗುತ್ತದೆ.

ಪಿಕಪ್ ಒಳಗೆ ಅಯಸ್ಕಾಂತ, ಅದರ ಸುತ್ತ ಎನಾಮಲ್ ವೈರ್. ಬರೀ 0.063 ಮಿಲಿಮೀಟರ್ ದಪ್ಪ, ಸ್ವಲ್ಪ ಬಿಗಿಯಾಗಿ ಎಳೆದರೂ ಪಟ್ಟನೆ ತುಂಡಾಗುತ್ತದೆ. ಒಂದೇ ಕಾಯಿಲ್ ಇರುವ ಪಿಕಪ್‌ಗೆ ಸುಮಾರು 8,000 ಸುತ್ತು. ಬಿಚ್ಚಿದರೆ ವೈರ್ ಒಂದು ಕಿಲೋಮೀಟರ್ ದಾಟುತ್ತದೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದು.

ಸುತ್ತು ಜಾಸ್ತಿಯಾದಷ್ಟೂ ಸದ್ದು ಜಾಸ್ತಿ. ಹಾಗಾದರೆ ಸುತ್ತುತ್ತಲೇ ಹೋಗಬಹುದಲ್ವಾ? ತೊಡಕು ಇರುವುದು ಇಂಡಕ್ಟೆನ್ಸ್‌ನಲ್ಲಿ, ಅಂದರೆ ಕರೆಂಟ್ ಬದಲಾಗುವುದನ್ನು ಕಾಯಿಲ್ ತಡೆಯುವ ಗುಣದಲ್ಲಿ. ಅದು ಏರುವುದು ಸುತ್ತಿನ ವರ್ಗದ ಲೆಕ್ಕದಲ್ಲಿ. 8,000 ಸುತ್ತನ್ನು 8,800 ಮಾಡಿದರೆ ವೋಲ್ಟೇಜ್ ಶೇ 10ರಷ್ಟು ಏರುತ್ತದೆ, ಇಂಡಕ್ಟೆನ್ಸ್ ಶೇ 21ರಷ್ಟು. ಈ ಇಂಡಕ್ಟೆನ್ಸ್ ಜೊತೆ ಕಾಯಿಲ್ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಟ್ಟುಕೊಳ್ಳುವ ಗುಣ) ಸೇರಿ ಒಂದು ಆವರ್ತನವನ್ನು ಎತ್ತಿ ಕೇಳಿಸುತ್ತವೆ, ಅದಕ್ಕಿಂತ ಮೇಲಿನವನ್ನು ತಗ್ಗಿಸುತ್ತವೆ. ಇದೇ ಅನುರಣನ. ಅದು 5 ಕಿಲೋಹರ್ಟ್ಸ್‌ನಲ್ಲಿದ್ದರೆ, 800 ಸುತ್ತು ಸೇರಿಸಿದ ಮೇಲೆ ಸುಮಾರು 4.5ಕ್ಕೆ ಇಳಿಯುತ್ತದೆ. ಮೀಟಿನ ಚುರುಕು ಕಮ್ಮಿಯಾಗಿ ಸ್ವರ ದಪ್ಪವಾಗುತ್ತದೆ. ಇನ್ನೂ ಸುತ್ತಿದರೆ ಮಂಕಾಗುತ್ತದೆ. ಧಾರವಾಡದಲ್ಲಿ ಸಿತಾರ್ ಕೇಳಿ ಬೆಳೆದ ಕಿವಿಗೆ ಇದು ಬೇಗ ತಿಳಿಯುತ್ತದೆ. ಸಿತಾರಿನ ಜವಾರಿ, ಅಂದರೆ ತಂತಿ ತಾಗುವ ಕುದುರೆಯ ಮೇಲ್ಮೈ, ತೆರೆದಿದೆಯೋ ಮುಚ್ಚಿದೆಯೋ ಎಂದು ಅಂಥವರು ಹೇಳುವುದೂ ಇಂಥ ಮೇಲಿನ ಆವರ್ತನಗಳನ್ನು ಕೇಳಿಯೇ.

ಪಿಕಪ್ ಮಾರುವವರು ಮಾತ್ರ ಓಮ್ ಲೆಕ್ಕ, ಅಂದರೆ ವೈರಿನ ವಿದ್ಯುತ್ ರೋಧ, ಮುಂದಿಡುತ್ತಾರೆ. ಬರೀ ಆ ಅಂಕಿ ನೋಡಿ ಪಿಕಪ್ ಕೊಳ್ಳಬಾರದು ಅನ್ನುವವನು ನಾನು. ವೈರ್ ಒಂಚೂರು ತೆಳುವಾದರೂ ಓಮ್ ಏರುತ್ತದೆ. ಬಿಸಿಲಿಗೂ ಏರುತ್ತದೆ. ಡಿಸೆಂಬರ್ ಬೆಳಗಿನ 15 ಡಿಗ್ರಿಯಲ್ಲಿ 6,000 ಓಮ್ ತೋರಿಸಿದ ಪಿಕಪ್, ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯಲ್ಲಿ 6,500 ದಾಟುತ್ತದೆ. ಸುತ್ತು ಅಷ್ಟೇ ಇರುತ್ತದೆ, ಕಿವಿಗೆ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಕಾಲೇಜು ಬ್ಯಾಂಡಿನ ಹುಡುಗ ಹುಡುಗಿಯರು ಸುಮ್ನೆ ಹೊಸ ಪಿಕಪ್ ತರಿಸುವ ಮೊದಲು ಕೇಬಲ್ ನೋಡಿಕೊಳ್ಳಬೇಕು. ಸಾಮಾನ್ಯ ಗಿಟಾರ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. 3 ಮೀಟರಿನದು ತೆಗೆದು 6 ಮೀಟರಿನದು ಹಾಕಿದರೆ ಆ 5 ಕಿಲೋಹರ್ಟ್ಸ್ 4ರ ಹತ್ತಿರಕ್ಕೆ ಬರುತ್ತದೆ. 800 ಸುತ್ತು ಸೇರಿಸಿದ್ದಕ್ಕಿಂತ ಇದರ ಹೊಡೆತವೇ ಜಾಸ್ತಿ.